ಒಂದು ದಿನ ಮುಂಚೆ

ಕಾರ್ಬ್ಯುರೇಟರನ್ನು ಹಿಂದಿನ ಸಂಜೆಯೇ ಯಾರೋ ಕೊಂಡುಹೋಗಿದ್ದರು.

"ಯಾರೋ ಅಂದ್ರೆ ಯಾರು?" ಎಂದು ನಿವೃತ್ತ ಪ್ರೂಫ್ ರೀಡರು ಕೇಳಿದರು.

"ಗಿರಾಕಿ ಸಾರ್," ಎಂದ ಗುಜರಿ ಅಂಗಡಿಯವನು. "ಬಂದ್ರು, ನೋಡಿದ್ರು, ತಗೊಂಡ್ ಹೋದ್ರು."

"ಹೆಸರು?"

"ಹೆಸರು ಕೇಳಿ ಮಾರೋ ಅಂಗಡಿ ಅಲ್ಲ ಸಾರ್ ಇದು."

ಇದು ನಾಲ್ಕನೆಯ ಸಲ. ಮೊದಲು ಹೆಡ್‌ಲೈಟಿನ ರಿಂಗು, ಆಮೇಲೆ ಬ್ರೇಕಿನ ಸಿಲಿಂಡರು, ಆಮೇಲೆ ಎಡಬಾಗಿಲಿನ ಹಿಡಿ. ಅವರು ರಿಪೇರಿ ಮಾಡುತ್ತಿದ್ದ ಹಳೆಯ ಕಾರಿನ ಭಾಗಗಳು ಸಿಗುತ್ತಿದ್ದುದು ಊರಿಗೆಲ್ಲ ಅದೊಂದೇ ಅಂಗಡಿಯಲ್ಲಿ. ಅವರು ಏನನ್ನು ಹುಡುಕಿ ಹೊರಟರೂ ಅದು ಸರಿಯಾಗಿ ಒಂದು ದಿನ ಮುಂಚೆ ಮಾಯವಾಗುತ್ತಿತ್ತು. ಒಮ್ಮೆ ಆದರೆ ಕಾಕತಾಳೀಯ. ನಾಲ್ಕು ಸಲ ಆದರೆ ಯಾರದೋ ಕೈವಾಡ.

ಮೂವತ್ತನಾಲ್ಕು ವರ್ಷ ಅವರು ಮುದ್ರಣಾಲಯದಲ್ಲಿ ಕರಡು ತಿದ್ದಿದ್ದರು. ನಿವೃತ್ತರಾದ ಮೇಲೆ ತಿದ್ದಲು ಉಳಿದದ್ದು ಮನೆ. ಮೊದಲ ತಿಂಗಳು ಅಡುಗೆಮನೆಯ ಡಬ್ಬಿಗಳ ಮೇಲಿನ ಚೀಟಿಗಳನ್ನು ತಿದ್ದಿದರು. 'ಸಕರೆ'ಗೆ ಕೆಂಪು ಶಾಯಿಯಲ್ಲಿ ಒತ್ತು ಬಂತು. ಎರಡನೆಯ ತಿಂಗಳು ಬಟ್ಟೆ ಒಣಹಾಕುವ ಕ್ರಮ ಬದಲಾಯಿತು. ಮೂರನೆಯ ತಿಂಗಳು ಅವರು ಮುಂದಿನ ಕೋಣೆಗೆ ಬಂದರು. ಅಲ್ಲಿ ಹೆಂಡತಿ ಹೊಲಿಗೆ ತರಗತಿ ನಡೆಸುತ್ತಿದ್ದಳು. ಅವರು ಯಾರನ್ನೂ ಬೈಯಲಿಲ್ಲ. ಕಲಿಯುವವರ ಬೆನ್ನ ಹಿಂದೆ ನಿಂತು, ಸೊಟ್ಟಗಾದ ಹೊಲಿಗೆಯನ್ನು ಬೆರಳಿಟ್ಟು ತೋರಿಸಿದರು, ಅಷ್ಟೆ. ಒಂಬತ್ತು ಜನರಲ್ಲಿ ಐವರು ಬರುವುದು ನಿಲ್ಲಿಸಿದರು. ಈಗಿನವರಿಗೆ ಕಲಿಯುವ ಶ್ರದ್ಧೆಯೇ ಇಲ್ಲ ಎಂದು ಅವರು ಬೇಸರಪಟ್ಟುಕೊಂಡರು.

ಆಗ ಹೆಂಡತಿಯ ತಮ್ಮ ಫೋನ್ ಮಾಡಿದ. "ಭಾವ, ನಮ್ಮ ಶೆಡ್ಡಲ್ಲಿ ಒಂದು ಹಳೇ ಕಾರಿದೆ. ನಲವತ್ತು ವರ್ಷದ್ದು. ಕೋಳಿಗಳು ಹಿಂದಿನ ಸೀಟಲ್ಲಿ ಮೊಟ್ಟೆ ಇಡ್ತಾ ಇವೆ. ರಿಪೇರಿ ಮಾಡೋ ಹುಚ್ಚಿದ್ರೆ ತಗೊಂಡ್ ಹೋಗಿ."

ಹೆಂಡತಿ ಬೇಡವೆನ್ನುತ್ತಾಳೆ ಎಂದು ಅವರಿಗೆ ಖಾತ್ರಿಯಿತ್ತು. ಮನೆಗೆ ಒಂದು ಚಮಚ ಹೆಚ್ಚಿಗೆ ತರಲೂ ಹತ್ತು ಸಲ ಯೋಚಿಸುವವಳು ಆಕೆ. ಆದರೆ ಅಂದು ಬಾಯಲ್ಲಿದ್ದ ಗುಂಡುಸೂಜಿಗಳನ್ನು ತೆಗೆದು, "ಇವತ್ತೇ ತರಿಸಿ," ಎಂದಳು.

ಕಾರು ಹಿತ್ತಲಿನ ತಗಡಿನ ಮಾಡಿನಡಿ ಬಂದು ಕೂತಿತು. ನೆಲದ ತಗಡು ತುಕ್ಕು ತಿಂದು ಜರಡಿಯಾಗಿತ್ತು. ಅವರು ರಿಪೇರಿ ಕೈಪಿಡಿ ತರಿಸಿಕೊಂಡು ಮೊದಲು ಅದರಲ್ಲಿದ್ದ ಹನ್ನೊಂದು ಅಚ್ಚಿನ ತಪ್ಪುಗಳನ್ನು ತಿದ್ದಿದರು. ಆಮೇಲೆ ತುಕ್ಕು ಕೆರೆಯಲು ಕೂತರು. ಉಗುರಿನ ಸಂದಿಗೆಲ್ಲ ಗ್ರೀಸ್ ಮೆತ್ತಿತು. ಎಷ್ಟೋ ವರ್ಷಗಳ ಮೇಲೆ ಹೊಟ್ಟೆ ಚುರುಗುಟ್ಟುವಷ್ಟು ಹಸಿವಾಯಿತು.

ಹೆಂಡತಿಯೂ ಬದಲಾದಳು. ಕಾಫಿ, ಊಟ ಎಲ್ಲ ಹಿತ್ತಲಿಗೇ ಬಂತು. "ನೀವ್ಯಾಕೆ ಎದ್ದು ಬರ್ತೀರಿ? ನಾನೇ ತರ್ತೀನಿ," ಎನ್ನುತ್ತಿದ್ದಳು. ದಿನಾ ಸಂಜೆ, "ಇನ್ನೇನೇನು ಬಾಕಿ ರೀ?" ಎಂದು ಕೇಳುತ್ತಿದ್ದಳು. ಅವರು ಹೇಳುತ್ತಿದ್ದರು, ಆಕೆ ಪರೀಕ್ಷೆಗೆ ಕೂತವಳಂತೆ ಕೇಳಿಸಿಕೊಳ್ಳುತ್ತಿದ್ದಳು. ಮದುವೆಯಾದಂದಿನಿಂದ ತಮ್ಮ ಮಾತನ್ನು ಯಾರೂ ಇಷ್ಟು ಗಮನವಿಟ್ಟು ಕೇಳಿರಲಿಲ್ಲ ಎನಿಸಿ ಅವರಿಗೆ ಎದೆ ತುಂಬಿ ಬರುತ್ತಿತ್ತು.

ಗುಮಾನಿ ಬಿದ್ದದ್ದು ಎದುರುಮನೆಯ ನಿವೃತ್ತ ಮ್ಯಾನೇಜರ ಮೇಲೆ. ಆತ ಗೇಟಿಗೆ ಒರಗಿ, "ಏನ್ ಸಾರ್, ನಿಮ್ ರಥ ಈ ಜನ್ಮದಲ್ಲಿ ಓಡುತ್ತಾ?" ಎಂದು ಕೇಳದ ದಿನವಿರಲಿಲ್ಲ. ಹೊಟ್ಟೆಕಿಚ್ಚು ಅಲ್ಲದೆ ಇನ್ನೇನು?

ಆದರೂ ಪುರಾವೆ ಬೇಕು. ಅವರು ಒಂದು ಬಲೆ ಹೆಣೆದರು. ಡೈನಮೋ ಹುಡುಕುತ್ತಿದ್ದೇನೆ ಎಂದು ಮ್ಯಾನೇಜರಿಗೆ ಹೇಳಿದರು. ಪೆಟ್ರೋಲ್ ಪಂಪು ಬೇಕು ಎಂದು ಫೋನಿನಲ್ಲಿ ಭಾವಮೈದುನನಿಗೆ ಹೇಳಿದರು. ಸಂಜೆ ಹೆಂಡತಿ ಎಂದಿನಂತೆ ಕೇಳಿದಾಗ, ಲೆಕ್ಕಕ್ಕಿರಲಿ ಎಂದು, ಸ್ಪೀಡೋಮೀಟರಿನ ಕೇಬಲ್ಲು ಎಂದರು.

ಎರಡು ದಿನ ಬಿಟ್ಟು ಅಂಗಡಿಗೆ ಹೋದರು. ಡೈನಮೋ ಧೂಳು ಹೊದ್ದು ಕೂತಿತ್ತು. ಪಂಪು ಅದರ ಪಕ್ಕದಲ್ಲೇ ಇತ್ತು.

"ಸ್ಪೀಡೋಮೀಟರ್ ಕೇಬಲ್ಲು?" ಎಂದರು.

"ಅಯ್ಯೋ ಸಾರ್, ನಿನ್ನೆ ತಾನೇ ಹೋಯ್ತು!"

ಮನೆಗೆ ಬಂದಾಗ ಹೆಂಡತಿ ದಾರದ ಉಂಡೆ ತರಲು ಹೋಗಿದ್ದಳು. ಅವರು ಹೊಲಿಗೆ ಕೋಣೆಯ ಬೀರು ತೆರೆದರು. ಅಸ್ತರಿ ಬಟ್ಟೆಯ ಗಂಟಿನ ಕೆಳಗೆ ಎಲ್ಲವೂ ಇದ್ದವು: ರಿಂಗು, ಸಿಲಿಂಡರು, ಹಿಡಿ, ಕಾರ್ಬ್ಯುರೇಟರು, ಕೇಬಲ್ಲು. ಒಂದೊಂದನ್ನೂ ತುಂಡುಬಟ್ಟೆಯಲ್ಲಿ ಮಗುವಿನಂತೆ ಸುತ್ತಿಟ್ಟಿತ್ತು.

ಅವರು ಬೀರುವಿನ ಮುಂದೆಯೇ ಕೂತು ದಿನ ಎಣಿಸಿದರು. ಇನ್ನು ಒಂಬತ್ತು ದಿನಕ್ಕೆ ಅವರ ಹುಟ್ಟಿದ ದಿನ.

ಎಂಥ ಹೆಂಗಸು! ಒಂದೊಂದಾಗಿ ಕೂಡಿಸಿ, ಒಟ್ಟಿಗೆ ಕೊಡಲು ಕಾದಿದ್ದಾಳೆ. ಅವರು ಕಣ್ಣೊರೆಸಿಕೊಂಡು, ಪ್ರತಿಯೊಂದನ್ನೂ ಮೊದಲಿದ್ದ ಗಂಟೇ ಹಾಕಿ ಒಳಗಿಟ್ಟರು. ಆ ಸಂಜೆ ಮ್ಯಾನೇಜರಿಗೆ ತಾವಾಗಿ ಕೈಬೀಸಿದರು. ಆತ ಗಾಬರಿಯಾಗಿ ಒಳಗೆ ಹೋದ. ಉಡುಗೊರೆಯಲ್ಲಿ ಕೊರತೆ ಬೇಡವೆಂದು, "ಡೈನಮೋನೂ ಬೇಕಿತ್ತು ಕಣೆ," ಎಂದು ಹೆಂಡತಿಯ ಕಿವಿಗೆ ಹಾಕಿದರು. ಮಾರನೆಯ ದಿನ ಅಂಗಡಿಯಲ್ಲಿ ಡೈನಮೋ ಇರಲಿಲ್ಲ. ಅವರಿಗೆ ಹಿಗ್ಗೋ ಹಿಗ್ಗು.

ಹುಟ್ಟಿದ ದಿನ ಬೆಳಿಗ್ಗೆ ಹೆಂಡತಿ ತಾನೇ ಹೊಲಿದ ದಪ್ಪ ಬಟ್ಟೆಯ ಕೆಲಸದ ಅಂಗಿ ಕೊಟ್ಟಳು. "ಹತ್ತು ವರ್ಷ ಬಾಳಿಕೆ ಬರುತ್ತೆ ರೀ, ಹಾಕ್ಕೊಂಡು ಹಿತ್ತಲಿಗೆ ಹೋಗಿ," ಎಂದಳು.

ಅವರು ಕಾದರು. ಮಧ್ಯಾಹ್ನವಾಯಿತು. ಮುಂದಿನ ಕೋಣೆಯಲ್ಲಿ ತರಗತಿ ಶುರುವಾಯಿತು. ಈಗ ಹದಿನಾಲ್ಕು ಜನ ಬರುತ್ತಿದ್ದರು. ಅವರು ಬಾಗಿಲಲ್ಲಿ ಬಂದು ನಿಂತರು.

"ಬೀರುವಿನಲ್ಲಿರೋದನ್ನ ನೋಡಿದೆ ಕಣೆ," ಎಂದರು ಮೆಲ್ಲಗೆ. "ಯಾವಾಗ ಕೊಡ್ತೀಯ? ಅಷ್ಟೂ ಕೂರಿಸಿದ್ರೆ ಒಂದೇ ವಾರ. ಕಾರು ಮುಗಿದೇ ಹೋಗುತ್ತೆ."

ಹೊಲಿಗೆ ಯಂತ್ರಗಳೆಲ್ಲ ಒಮ್ಮೆಗೇ ನಿಂತವು. ಹೆಂಡತಿ ಹಲ್ಲಿನಲ್ಲಿ ದಾರ ಕಡಿದಳು.

"ಗೊತ್ತು ರೀ. ಮುಗಿದ್ರೆ ನೀವು ಮತ್ತೆ ಒಳಗೆ ಬರ್ತೀರಲ್ಲ, ಅದಕ್ಕೇ ಬಚ್ಚಿಟ್ಟಿದ್ದು."