ಟಾನಿಕ್ಕಿನ ಗ್ರಾಫು

ಹೊರಗೆ ಹಜಾರದಲ್ಲಿ ಡೀಲರುಗಳು ಎರಡನೇ ಕಾಫಿಯನ್ನೂ ಕುಡಿದು ಮುಗಿಸಿದ್ದರು. ಗ್ರಾಫು ನೋಡದೆ ಆರ್ಡರ್ ಕೊಡೋದಿಲ್ಲ ಅಂತ ಪಟ್ಟು ಹಿಡಿದಿದ್ದರು. ಒಳಗೆ ಟಾನಿಕ್ ಕಂಪನಿಯ ಮಾಲೀಕ, ಕಂಪ್ಯೂಟರಿನ ಮುಂದೆ ಕೂತ ಹುಡುಗಿಯ ಮೇಲೆ ಬುಸುಗುಡುತ್ತಿದ್ದ. ಅವನ ಮೂರು ಟಾನಿಕ್ಕು ಹಾಕಿದ ಟೊಮೆಟೊ ಗಿಡಗಳು ಎಷ್ಟೆಷ್ಟು ಬೆಳೆದವು ಅನ್ನುವುದೆಲ್ಲ ಶೀಟಿನಲ್ಲಿತ್ತು. ಪರದೆಯ ಮೇಲೆ ಮಾತ್ರ ಒಂದೇ ಗೆರೆ.

“ಎಮ್ಮೆಸ್ಸಿಯಂತೆ ಎಮ್ಮೆಸ್ಸಿ! ಎಲ್ಲಾ ಕಾಲಂ ಸೆಲೆಕ್ಟ್ ಮಾಡೋಕೂ ಬರಲ್ವೇನಮ್ಮ ನಿಂಗೆ?”

“ಮಾಡಿದೀನಿ ಸಾರ್.”

“ಮಾಡಿದ್ರೆ ಮಿಕ್ಕಿದ್ದೆಲ್ಲ ಎಲ್ಲಿ? ನೆಲ ನುಂಗ್ತಾ? ಏಳು ಮೇಲೆ!”

ಓದಿದವರ ಹಣೆಬರಹವೇ ಇಷ್ಟು ಅಂದುಕೊಳ್ಳುತ್ತ ತಾನೇ ಕುರ್ಚಿಯಲ್ಲಿ ಕುಕ್ಕರಿಸಿದ. ಮೌಸನ್ನು ಕುಟ್ಟಿ ಕುಟ್ಟಿ ಎಲ್ಲ ಕಾಲಮ್ಮುಗಳನ್ನೂ ಆರಿಸಿದ. ಮತ್ತೆ ಅದೇ ಒಂಟಿ ಹಸಿರು ಗೆರೆ.

“ಒಂದರ ಮೇಲೊಂದು ಕೂತುಬಿಟ್ಟಿವೆ ಸಾರ್. ನಿಮ್ಮ ಮೂರೂ ಟಾನಿಕ್ಕು ಈ ಹಸಿರು ಗೆರೆ ಕೆಳಗೇ ಇವೆ.”

ಮಾಲೀಕನ ಮುಖ ಅರಳಿತು. “ಅಂದ್ರೆ ಮೂರೂ ಅಷ್ಟೇ ಜೋರು! ಇದನ್ನ ಮೊದಲೇ ಬಾಯಿಬಿಟ್ಟು ಹೇಳೋಕೇನಾಗಿತ್ತು ದಾಡಿ? ಸರಿ, ಮೇಲಿರೋ ಈ ಹಸಿರು ಗೆರೆ ಯಾವುದು?”

“ಅದು ಬರೀ ನಲ್ಲಿ ನೀರು ಹಾಕಿದ ಗಿಡಗಳದ್ದು ಸಾರ್.”