ವ್ಯಾನಿಗೊಂದು ಹೊಸ್ತಿಲು

“ವ್ಯಾನಿಗೊಂದು ಹೊಸ್ತಲಾ ಕೂಡಿಸಿಕೊಡ್ರಿ” ಎಂದು ಸಾವಂತ್ರವ್ವ ಕೇಳಿದಾಗ ಸೊಲ್ಲಾಪುರ ರಸ್ತೆಯ ಮಿಸ್ತ್ರಿ ಮಶಾಕಸಾಬ ನಟ್ಟು ಬಿಗಿಯುತ್ತಿದ್ದ ಪಾನಾ ಕೆಳಗಿಟ್ಟ. ಹಾರ್ನು ಕೇಳಿದವರನ್ನು ಕಂಡಿದ್ದ, ಬಂಪರ್ ಕೇಳಿದವರನ್ನು ಕಂಡಿದ್ದ. ಈ ಬೇಡಿಕೆ ಹೊಸದು.

“ಆಕಿ ಮಾತು ಬಿಡ್ರಿ ಸಾಹೇಬ್ರ” ಎಂದ ಅವಳ ಗಂಡ ಧೂಳಪ್ಪ. “ಒಲಿ ಹೊಗಿ ಹೋಗಾಕ ಮ್ಯಾಲೊಂದು ಕಿಂಡಿ ಮಾಡ್ರಿ. ನನ್ನ ಕಣ್ಣು ನೋಡ್ರಿ, ಹೆಂಗ ಕೆಂಪಾಗ್ಯಾವ.”

“ಮಧ್ಯಾನ ಮಟಾ ಒಂದ ಕೆಲಸ ಆಗತೈತಿ. ಕಿಂಡಿನೋ ಹೊಸ್ತಲಾನೋ, ಗಂಡ ಹೆಂಡ್ತಿ ಮಾತಾಡ್ಕೊಂಡು ಹೇಳ್ರಿ” ಎಂದು ಮಶಾಕಸಾಬ ಬೀಡಿ ಹಚ್ಚಿದ.

ಮಹಾಯುದ್ಧದ ಕಾಲದ ಮಿಲಿಟರಿ ವ್ಯಾನು ಅದು, ಹರಾಜಿನಲ್ಲಿ ಹಿಡಿದದ್ದು. ಅರವತ್ತೆರಡನೆಯ ಇಸವಿಯಿಂದ ಈಚೆಗೆ ಅದೇ ಅವರ ಅಂಗಡಿ, ಅದೇ ಮನೆ. ಟಿಕೋಟಾ, ಬಬಲೇಶ್ವರದ ಸಂತೆಗಳಲ್ಲಿ ಕಂಬಳಿ ಮಾರುತ್ತ, ಅದರಲ್ಲೇ ರೊಟ್ಟಿ ಬಡಿದುಕೊಂಡು, ಅದರಲ್ಲೇ ಮಲಗಿ ಸುಖವಾಗಿಯೇ ಇದ್ದರು. ಕೊರತೆ ಒಂದೇ. ಟಿಕೋಟಾದಲ್ಲಿ ವ್ಯಾನು ನಿಂತಾಗಲೆಲ್ಲ ಸಾವಂತ್ರವ್ವನ ತಾಯಿ ಮಲಕವ್ವ ಬುತ್ತಿ ತಂದು, ರಸ್ತೆಯ ಮೇಲೆ ನಿಂತೇ ಮಾತಾಡಿ ಹೋಗುತ್ತಿದ್ದಳು. ಒಳಗೆ ಕರೆದರೆ ಒಂದೇ ಉತ್ತರ: ಹೊಸ್ತಿಲಿಲ್ಲದ್ದು ಮನೆಯಲ್ಲ, ಮನೆಯಲ್ಲದ ಕಡೆ ನಾನು ಕೂತು ನೀರು ಕುಡಿಯುವುದಿಲ್ಲ.

“ಎರಡು ವರ್ಷಾತು. ನನ್ನ ಮನ್ಯಾಗ ಅವ್ವ ಒಂದು ತಂಬಗಿ ನೀರು ಕುಡದಿಲ್ಲ” ಎಂದಳು ಸಾವಂತ್ರವ್ವ.

ಧೂಳಪ್ಪ ಕೆಂಪು ಕಣ್ಣು ಉಜ್ಜಿಕೊಂಡ. “ಹೊಸ್ತಲಾನ ಕೂಡಸ್ರಿ ಸಾಹೇಬ್ರ. ಹೊಗಿ ನನಗ ರೂಢಿ ಆಗೈತಿ.”

ಹಿಂದಿನ ಬಾಗಿಲಿಗೆ ಬೇವಿನ ತುಂಡು ಕೂತಿತು. ನಟ್ಟು ಬಿಗಿದು ಮುಗಿಸಿದ ಮಶಾಕಸಾಬ, ತಾನೇ ಕೂಡಿಸಿದ ಹೊಸ್ತಿಲನ್ನು ತುಳಿಯದೆ ದಾಟಿ ಕೆಳಗೆ ಜಿಗಿದ. ದಾರಿಯುದ್ದಕ್ಕೂ ಸಾವಂತ್ರವ್ವ ಅದಕ್ಕೆ ಅರಿಸಿನ ಬಳಿಯುತ್ತಲೇ ಬಂದಳು. ವ್ಯಾನು ಕುಣಿದಾಗಲೆಲ್ಲ ಅರಿಸಿನ ಅವಳ ಮೂಗಿಗೂ ಬಿತ್ತು.

ಇಳಿಹೊತ್ತಿಗೆ ಟಿಕೋಟಾದಲ್ಲಿ ಮಲಕವ್ವ ಬಂದಳು. ಹೊಸ್ತಿಲನ್ನು ತಟ್ಟಿ ನೋಡಿದಳು, ಅಲುಗಾಡಿಸಿ ನೋಡಿದಳು. ಹೆಣ್ಣು ನೋಡಲು ಬಂದ ಬೀಗರೂ ಅಷ್ಟು ಪರೀಕ್ಷೆ ಮಾಡಲಿಕ್ಕಿಲ್ಲ. ಕೊನೆಗೆ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು.

“ಛಲೋ ಆಗೈತಿ. ಬಗ್ಗೂದ ಬೇಕಾಗಿಲ್ಲ, ಎದಿಮಟಾ ಐತಿ” ಎಂದಳು. ಆಮೇಲೆ ಮೇಲೆ ಕೆಳಗೆ ನೋಡಿ, “ಹತ್ತೂದು ಹೆಂಗವಾ?” ಎಂದಳು.

ಆಗಲೇ ಗಂಡ ಹೆಂಡತಿ ಇಬ್ಬರಿಗೂ ಹೊಳೆದದ್ದು. ಹಿಂದಿನ ಕೊಕ್ಕೆಯ ಮೇಲೆ ಕಾಲಿಟ್ಟು ಜಿಗಿಯುವ ವಯಸ್ಸು ಅವರದು, ಮೆಟ್ಟಿಲಿನ ನೆನಪೇ ಆಗಿರಲಿಲ್ಲ. ಹೊಸ್ತಿಲ ನೆಪದ ಹಿಂದೆ ಮುದುಕಿಯ ಮೊಣಕಾಲು ನೋವು ಅಡಗಿತ್ತೋ ಏನೋ, ದೇವರೇ ಬಲ್ಲ. ಮಗಳು ಎತ್ತಿ ಕೂರಿಸೋಣವೆಂದರೆ ತಾಯಿ ದಪ್ಪ, ಮಗಳು ಕಡ್ಡಿ. ಅಳಿಯನ ಕೈ ಹಿಡಿಯುವ ಮಾತೇ ಇಲ್ಲ. ಮಲಕವ್ವ ಅವನೆದುರು ಸೆರಗು ಸರಿಸಿದವಳಲ್ಲ, ಅವನೊಡನೆ ನೇರವಾಗಿ ಮಾತಾಡಿದವಳೂ ಅಲ್ಲ. ಸಾವಂತ್ರವ್ವನಿಗೆ ಅಳು ಬಂತು, ತನ್ನ ಮೇಲೆ ಸಿಟ್ಟೂ ಬಂತು.

“ಇರಲಿ ಬಿಡವಾ, ಒಳಗ ಬಂದಂಗ ಆತು” ಎಂದಳು ತಾಯಿ.

“ಬಂದಂಗ ಅಲ್ಲಬೇ, ನೀ ಬರಬೇಕು!”

ಧೂಳಪ್ಪ ವ್ಯಾನು ಹತ್ತಿದ. ಮರುದಿನ ಬಬಲೇಶ್ವರದ ಸಂತೆಗೆಂದು ಮಡಚಿಟ್ಟ ಹೊಸ ಕಂಬಳಿಗಳನ್ನು ಎಳೆದು ಹಾಕಿದ. ಹೆಂಡತಿ ಒದ್ದೆ ಕೈಯಲ್ಲಿ ಮುಟ್ಟಿದರೂ ಸಿಡುಕುವ ಮನುಷ್ಯ, ಅವನ್ನು ರಸ್ತೆಯ ಮಣ್ಣಿನ ಮೇಲೆ ಒಟ್ಟತೊಡಗಿದ. ಮುಂದೆ ಸಣ್ಣ ಒಟ್ಟು, ಅದರ ಹಿಂದೆ ಇನ್ನಷ್ಟು ಎತ್ತರದ್ದು, ಹೊಸ್ತಿಲಿಗೆ ತಾಗಿ ಎಲ್ಲಕ್ಕಿಂತ ಎತ್ತರದ್ದು. ಮೂರು ಮೆಟ್ಟಿಲಾಯಿತು.

ಮಲಕವ್ವ ಹಿಂದಕ್ಕೆ ಸರಿದಳು. “ಸಾವಂತ್ರಿ, ನಿನ್ನ ಗಂಡಗ ಹೇಳು. ಕಂಬಳಿ ಅಂದ್ರ ದೇವರ ಗದ್ದಿಗಿ. ಅದರ ಮ್ಯಾಲ ನಾ ಕಾಲಿಡೂದಿಲ್ಲ.”

ಧೂಳಪ್ಪ ವ್ಯಾನಿನ ಗಾಲಿಯನ್ನು ನೋಡುತ್ತ ಹೇಳಿದ. “ನಿಮ್ಮವ್ವಗ ಹೇಳು. ದೇವರು ಬಂದಾಗ ಕಂಬಳಿ ಹಾಸತೀವಿ. ಈಗೂ ಅದಕ್ಕ ಹಾಸೀನಿ.”

ಮಲಕವ್ವ ಸೆರಗನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡಳು. ಕಣ್ಣೊರೆಸಿಕೊಳ್ಳಲು ಅದು ಅನುಕೂಲವೂ ಆಯಿತು. ಚಪ್ಪಲಿ ಬಿಟ್ಟು, ಪಾದ ಝಾಡಿಸಿ, ಕಂಬಳಿಗೆ ಕೈಮುಗಿದು, ಮಗಳ ಹೆಗಲು ಹಿಡಿದು ಹತ್ತಿದಳು. ಬಲಗಾಲು ಮುಂದಿಟ್ಟು ಹೊಸ್ತಿಲು ದಾಟಿದಳು. ಒಲೆಯ ಪಕ್ಕ ಕೂತು ಒಂದು ತಂಬಿಗೆ ನೀರು ಗಟಗಟ ಕುಡಿದು, ಇನ್ನೊಂದು ಕೇಳಿದಳು. ಸಾವಂತ್ರವ್ವನಿಗೆ ತನ್ನ ಮದುವೆಯ ದಿನವೂ ಅಷ್ಟು ಸಂತೋಷವಾಗಿರಲಿಲ್ಲ.

ಹೊರಗೆ ಧೂಳಪ್ಪ ಒಂದು ಕಂಬಳಿ ಎತ್ತಿ ಮಣ್ಣು ಕೊಡವುತ್ತಿದ್ದ. “ಬರೂ ವಾರ ಮಶಾಕಸಾಬಗ ಹೇಳಿ ಕಬ್ಬಿಣದ ಮೆಟ್ಟಲಾ ಹಚ್ಚಸೂನು” ಎಂದು ಹೆಂಡತಿಗೆ ಕೂಗಿ ಹೇಳಿದ.

ಉತ್ತರ ಕೊಟ್ಟವಳು ಹೆಂಡತಿಯಲ್ಲ. ಮಲಕವ್ವ ಬಾಗಿಲಿಗೆ ಮುಖ ಮಾಡಿ, ಇದೇ ಮೊದಲ ಸಲ ನೇರವಾಗಿ ಅಳಿಯನಿಗೇ ಹೇಳಿದಳು.

“ಬ್ಯಾಡ್ರಿ. ಮೆಟ್ಟಲಾ ಹಚ್ಚಿದ್ರ ಯಾರ ಬೇಕಾದ್ರೂ ಹತ್ತತಾರ.”