ಎಡಗೈಯ ತುತ್ತು

ಆಸ್ಪತ್ರೆಯಿಂದ ಮನೆಗೆ ಬಂದ ಐದನೆಯ ದಿನ ಮೂಕಪ್ಪ ತನ್ನ ಮುಂದಿದ್ದ ಊಟದ ಗಂಗಾಳವನ್ನು ಮೊಣಕಾಲಿನಿಂದ ಆಚೆ ತಳ್ಳಿದ.

"ಬ್ಯಾಡ. ಕೂಸಿಗೆ ಉಣಿಸಿದಂಗ ನನಗ ಉಣಿಸಬ್ಯಾಡ್ರಿ."

ತುತ್ತು ಹಿಡಿದಿದ್ದ ಶಂಕರಮ್ಮನ ಕೈ ಗಾಳಿಯಲ್ಲೇ ನಿಂತಿತು. ಪೆದ್ದಹರಿವಾಣ ಊರಿನಿಂದ ಆದೋನಿಯ ಈ ಮನೆಗೆ ಸೊಸೆಯಾಗಿ ಬಂದು ಅವಳಿಗೆ ಆರು ತಿಂಗಳೂ ತುಂಬಿರಲಿಲ್ಲ. ಹತ್ತಿ ಜಿನ್ನಿನ ಯಂತ್ರಕ್ಕೆ ಸಿಕ್ಕಿ ಗಂಡನ ಬಲಗೈ ಮಣಿಕಟ್ಟಿನ ತನಕ ಹೋಗಿ ಆಗಲೇ ಒಂದು ತಿಂಗಳು.

ಅಂಗಳದಲ್ಲಿ ಇನ್ನೂ ಬಿಸಿಲಿತ್ತು. ದೀಪದ ಎಣ್ಣೆ ಉಳಿಯಲೆಂದು ಆ ಮನೆಯಲ್ಲಿ ಊಟ ಹೊತ್ತು ಮುಳುಗುವುದರೊಳಗೇ ಮುಗಿಯಬೇಕು. ಅದು ಅತ್ತೆ ದಸ್ತಗಿರಮ್ಮನ ಕಟ್ಟಳೆ. ಹಿಟ್ಟು ನಾದುವ ಪರಾತ ತೊಳೆದ ನೀರು ಆಡಿಗೆ ಕುಡಿಯಲು ಹೋಗುತ್ತಿತ್ತು; ನೆಲಕ್ಕೆ ಬಿದ್ದ ರೊಟ್ಟಿಯ ಚೂರನ್ನು ಮುದುಕಿ ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಮಗನ ಕೂಲಿ ನಿಂತ ದಿನವೇ ಮಾವ ಬಜಾರಪ್ಪ ಬೀಡಿ ಬಿಟ್ಟ. ಅತ್ತೆ ಮರುದಿನವೇ ಶೇಂಗಾ ಚೀಲ ಹೊತ್ತು ತಂದಳು. ಅತ್ತೆ ಸೊಸೆ ಇಬ್ಬರೂ ಕೂತು ಕೂಲಿಗೆ ಸುಲಿದರು. ಯಾರೂ ಯಾರಿಗೂ ಹೀಗೆ ಮಾಡು ಎಂದು ಹೇಳಲಿಲ್ಲ. ಆದರೆ ಉಣ್ಣದೆ ತಳ್ಳಿದ ಗಂಗಾಳವನ್ನು ಮಾತ್ರ ಆ ಮನೆ ಎಂದೂ ಕಂಡಿರಲಿಲ್ಲ. ಶಂಕರಮ್ಮ ಹೆದರಿ ಅತ್ತೆಯ ಕಡೆ ನೋಡಿದಳು.

"ಹಂಗಾರ ನಿನ್ನ ಕೈಲೆ ನೀನ ಉಣ್ಣು" ಎಂದಳು ದಸ್ತಗಿರಮ್ಮ.

"ಯಾವ ಕೈಲೆ ಉಣ್ಣಲವ್ವಾ?" ಮೂಕಪ್ಪ ಕೇಳಿದ. "ಸಣ್ಣಾಂವಿದ್ದಾಗ ಎಡಗೈ ಗಂಗಾಳಕ್ಕ ಹಚ್ಚಿದ್ರ ಬಾಸುಂಡೆ ಏಳಂಗ ಹೊಡದಾಕಿ ನೀನ ಅಲ್ಲೇನು? ಈಗ ಹೊಲಸು ತೊಳಿಯೋ ಕೈಲೆ ಉಣ್ಣಂತಿ? ಅದಕಿಂತ ಉಪಾಸ ಬಿದ್ದಿರೂದು ಚಲೋ."

ದಸ್ತಗಿರಮ್ಮ ಎದ್ದಳು. ಹಿತ್ತಿಲಲ್ಲಿ ಕೂತು ಎಡಗೈಗೆ ಒಲೆಯ ಬೂದಿ ಹಚ್ಚಿ, ಉಗುರಿನ ಸಂದುಗಳನ್ನೂ ಬಿಡದೆ ಉಜ್ಜಿ ತೊಳೆದಳು. ಗಂಡಸರ ಊಟವಾಗುವ ತನಕ ಎಂದೂ ಗಂಗಾಳದ ಮುಂದೆ ಕೂರದವಳು, ತನ್ನ ಪಾಲಿನ ರೊಟ್ಟಿ ಹಾಕಿಕೊಂಡು ಬಂದು ಮಗನ ಎದುರಿಗೇ ಕೂತಳು. ಬಲಗೈಯನ್ನು ಬೆನ್ನ ಹಿಂದೆ ಒಯ್ದು ಸೆರಗಿನಲ್ಲಿ ಸುತ್ತಿಕೊಂಡಳು. ಎಡಗೈ ರೊಟ್ಟಿಯ ಮೇಲೆ ಇಟ್ಟಳು.

ಜೋಳದ ರೊಟ್ಟಿ ಒಂದು ಕೈಗೆ ಸುಲಭಕ್ಕೆ ಬಗ್ಗುವುದಿಲ್ಲ. ಹೆಬ್ಬೆರಳು ಊರಿದರೆ ರೊಟ್ಟಿ ತಿರುಗಿತು. ಅಂಗೈ ಒತ್ತಿದರೆ ಗಂಗಾಳವೇ ಸರಿಯಿತು. ಪುಂಡಿಸೊಪ್ಪಿನ ಪಲ್ಲೆ ಮಡಿಲಿಗೆ ಬಿತ್ತು. ಐವತ್ತು ವರ್ಷ ಒಂದಗುಳು ಚೆಲ್ಲದೆ ಉಂಡವಳ ಸುತ್ತ ಕೂಸಿನ ಮುಂದಿನಂತೆ ಚೂರು ಬಿದ್ದವು. ಆಕೆಗೆ ಅವಸರವಿರಲಿಲ್ಲ. ಮತ್ತೆ ಮತ್ತೆ ಬೆರಳು ಬದಲಿಸಿ ನೋಡಿದಳು. ಕಡೆಗೆ ಕಿರುಬೆರಳು, ಉಂಗುರ ಬೆರಳುಗಳಿಂದ ರೊಟ್ಟಿಯನ್ನು ಅದುಮಿ ಹಿಡಿದು ಮಿಕ್ಕ ಬೆರಳುಗಳಿಂದ ಎಳೆದಾಗ ಒಂದು ತುಂಡು ಹರಿದು ಬಂತು. ಪಲ್ಲೆ ಹಚ್ಚಿ ಬಾಯಿಗಿಟ್ಟುಕೊಂಡಳು.

"ಹಿಂಗ ನೋಡಪ್ಪಾ" ಎಂದಳು ಅಗಿಯುತ್ತ. "ಎರಡು ಬೆರಳಿಲೆ ಒತ್ತಿ ಹಿಡೀಬೇಕು. ಇನ್ನೂ ನನಗ ಪೂರಾ ಬಂದಿಲ್ಲ. ನಾಳಿಗೆ ಬರತೈತಿ."

ಮೂಲೆಯಲ್ಲಿ ಉಣ್ಣುತ್ತಿದ್ದ ಬಜಾರಪ್ಪ ಬಾಯಿಯ ಹತ್ತಿರ ಒಯ್ದಿದ್ದ ತುತ್ತನ್ನು ಗಂಗಾಳಕ್ಕೆ ಮರಳಿ ಇಟ್ಟ. ದಿನಕ್ಕೆ ನಾಲ್ಕು ಮಾತೂ ಆಡದ ಮನುಷ್ಯ. ಎದ್ದು ಹಿತ್ತಿಲಿಗೆ ಹೋದ. ಎಡಗೈಯಿಂದ ನೀರು ತೊಟ್ಟಿಕ್ಕಿಸುತ್ತ ಬಂದು ಹೆಂಡತಿಯ ಪಕ್ಕದಲ್ಲಿ ಕೂತ.

ತವರಿನಲ್ಲಿ ಶಂಕರಮ್ಮನಿಗೆ ಉಣ್ಣಲು ಕೊರತೆ ಇರಲಿಲ್ಲ. ಹಬ್ಬಕ್ಕೆ ಐದು ತರದ ಅಡಿಗೆ ಕಂಡವಳು. ಇಂಥ ಊಟವನ್ನು ಮಾತ್ರ ಕಂಡಿರಲಿಲ್ಲ. ದೇವರ ಮುಂದೆ ನಿಂತವಳ ಹಾಗೆ ಅವಳು ಸೆರಗನ್ನು ಭುಜದ ಮೇಲೆ ಎಳೆದುಕೊಂಡಳು.

ಮೂಕಪ್ಪನ ಎಡಗೈ ತೊಡೆಯ ಮೇಲಿಂದ ಮೆಲ್ಲಗೆ ಎದ್ದಿತು. ಶಂಕರಮ್ಮ ಗಂಗಾಳವನ್ನು ಮತ್ತೆ ಅವನ ಮುಂದೆ ಸರಿಸಿ ಚೆಂಬಿನ ನೀರು ಹಾಕಿದಳು, ಕೈ ತೊಳೆದುಕೊಂಡ. ಅಷ್ಟರಲ್ಲಿ ಪಕ್ಕದ ಮನೆಯ ಭೀಮಕ್ಕ ಕೆಂಡಕ್ಕಾಗಿ ಒಡೆದ ಮಡಿಕೆಯ ಚೂರು ಹಿಡಿದು ಬಾಗಿಲಿಗೆ ಬಂದಳು. ಒಳಗೆ ನೋಡಿದವಳೇ ಬಾಯಿಯ ಮೇಲೆ ಕೈ ಇಟ್ಟಳು.

"ಅಯ್ಯೋ ದೇವುಡಾ! ಇದೇನವ್ವಾ ದಸ್ತಗಿರಮ್ಮಾ, ಗಂಡ ಹೆಂಡ್ತಿ ಇಬ್ರೂ ಎಡಗೈಲೆ ಉಣ್ತೀರಿ? ಲಕ್ಷ್ಮಿ ನಿಂದರ್ತಾಳೇನು ಮನ್ಯಾಗ?"

ಮೂಕಪ್ಪನ ಕೈ ಗಂಗಾಳದ ಅಂಚಿನಿಂದ ಹಿಂದಕ್ಕೆ ಸರಿಯಿತು.

ದಸ್ತಗಿರಮ್ಮ ತಲೆ ಎತ್ತಲಿಲ್ಲ. ಮಡಿಲಿನ ಚೂರುಗಳನ್ನು ಒಂದೊಂದಾಗಿ ಎಡಗೈಯಿಂದಲೇ ಆರಿಸಿ ಗಂಗಾಳಕ್ಕೆ ಹಾಕಿಕೊಳ್ಳುತ್ತ ಹೇಳಿದಳು:

"ಒಲಿಯಾಗ ಕೆಂಡ ಐತಿ, ತಗೊಂಡು ಹೋಗು ಭೀಮಕ್ಕಾ. ಇನ್ನ ಮ್ಯಾಲ ನಮ್ಮ ಮನಿಗೆ ಇದಾ ಬಲಗೈ."

ಭೀಮಕ್ಕ ಒಲೆಯ ಕಡೆ ನಡೆದಳು. ಅವಳ ಬೆನ್ನ ಹಿಂದೆ, ಮೂಕಪ್ಪನ ಗಂಗಾಳದಿಂದ, ರೊಟ್ಟಿ ಹರಿದ ಸದ್ದು ಕೇಳಿಸಿತು.